ರಜೆಯಲ್ಲಿದ್ದ ಬಲಗೈ

ಹಲ್ಲಣ್ಣನ ಬಾಯಲ್ಲಿ ಮುಂದಿನ ಒಂದು ಹಲ್ಲು ಇರಲಿಲ್ಲ. ಊರಿನ ಅರ್ಧಕ್ಕರ್ಧ ಮುದುಕರಿಗೆ ಹಲ್ಲಿನ ಸೆಟ್ ಮಾಡಿಕೊಟ್ಟ ಮನುಷ್ಯ, ತನ್ನದೊಂದನ್ನು ಹಾಕಿಕೊಳ್ಳಲು ಪುರಸೊತ್ತಾಗಲಿಲ್ಲ ಎನ್ನುತ್ತಿದ್ದ. ಬಿಡದೆ ಕೇಳಿದವರಿಗೆ, "ಸೀಟಿ ಹೊಡೆಯೋಕೆ ಜಾಗ ಬೇಡ್ವಾ?" ಎಂದು ಆ ಸಂದಿಯಿಂದಲೇ ಸೀಟಿ ಹೊಡೆದು ತೋರಿಸುತ್ತಿದ್ದ. ಅಂಥವನ ಹತ್ತಿರ ವಾದ ಮಾಡುವುದಾದರೂ ಹೇಗೆ?

ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಒಂದೇ ಕಿಟಕಿಯ ಕೋಣೆ ಅವನದು. ಬೆಂಚಿನ ಉದ್ದಕ್ಕೂ ಯಾರ್ಯಾರದೋ ದವಡೆಗಳ ಪ್ಲಾಸ್ಟರ್ ಅಚ್ಚುಗಳು ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಕರಗಿದ ಮೇಣದ ವಾಸನೆ, ಉಜ್ಜುವ ಯಂತ್ರದ ಗುಂಯ್ ಸದ್ದು. ಕುರ್ಚಿ, ಫ್ಯಾನು, ಅವನ ಹುಬ್ಬು ಎಲ್ಲದರ ಮೇಲೂ ಒಸಡಿನ ಬಣ್ಣದ ಗುಲಾಬಿ ಪುಡಿ. ಸೆಟ್ ಮುಗಿಸುವ ಮುಂಚೆ ಒಂದು ಹಲ್ಲನ್ನು ಬೇಕೆಂದೇ ಕೂದಲೆಳೆಯಷ್ಟು ಸೊಟ್ಟ ಕೂರಿಸುತ್ತಿದ್ದ. "ಎಲ್ಲಾ ನೆಟ್ಟಗಿದ್ರೆ ಯಾರು ನಂಬ್ತಾರೆ?" ಎನ್ನುವುದು ಅವನ ಮಾತು.

ಅವನ ಗೆಳೆಯ ಡ್ರೈವರ್ ಆ ಕೋಣೆಯ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ವರ್ಷಗಟ್ಟಲೆ ನೋಡಿದವನು. ಡ್ಯೂಟಿ ಮುಗಿಸಿ, ಬಸ್ಸನ್ನು ಡಿಪೋದಲ್ಲಿ ಬಿಟ್ಟು ನೇರ ಇಲ್ಲಿಗೇ ಬರುತ್ತಿದ್ದ. ಉಳಿದ ಗುಲಾಬಿ ಪ್ಲಾಸ್ಟಿಕ್ಕಿನಲ್ಲಿ ಹಲ್ಲಣ್ಣ ಬೆರಳುದ್ದದ ಮೀನುಗಳನ್ನು ಮಾಡುತ್ತಿದ್ದ. ಹೊಟ್ಟೆಯಡಿ ಕೊಕ್ಕೆ, ಮೂತಿಗೆ ದಾರ ಕಟ್ಟಲು ಉಂಗುರ. ಅವಕ್ಕೆ ಇಬ್ಬರೂ ಇಟ್ಟ ಹೆಸರು ಸುಳ್ಳುಮೀನು. ನೀರಿಗೆ ಎಸೆದು ದಾರ ಸುತ್ತಿದರೆ ಹುಷಾರು ತಪ್ಪಿದ ಮರಿಮೀನಿನ ಹಾಗೆ ವಾಲಾಡುತ್ತ ಬರಬೇಕು. ಆಗಲೇ ದೊಡ್ಡ ಮೀನು ಬಾಯಿ ಹಾಕುವುದು. ಅಲ್ಲೂ ಅದೇ ಕೂದಲೆಳೆಯ ಸೊಟ್ಟ.

ವಾರದ ರಜೆಯ ದಿನ ಇಬ್ಬರೂ ಮಡುವಿಗೆ ಹೋಗುತ್ತಿದ್ದರು. ನದಿ ಎಂದೋ ದಾರಿ ಬದಲಿಸಿದಾಗ ಬಿಟ್ಟುಹೋದ ಸಿಹಿನೀರು ಅದು. ಬಿಸಿಲಿಗೆ ಬೆಚ್ಚಗಾದ ನೀರು, ಅಂಚಿಗೆಲ್ಲ ನೈದಿಲೆ ಎಲೆ, ನಡುವೆ ಮುಳುಗಿದ ಮರಗಳ ಬೋಳು ಕೊಂಬೆ. ಡ್ರೈವರ್ ಎಸೆದರೆ ಸುಳ್ಳುಮೀನು ಎರಡು ಎಲೆಗಳ ಸಂದಿಗೆ ಇಟ್ಟ ಹಾಗೆ ಬೀಳುತ್ತಿತ್ತು. ಹಲ್ಲಣ್ಣನದು ಮರದಲ್ಲಿ. ಹೆಚ್ಚು ಹಿಡಿದವರು ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಆಮೇಲೆ ಡ್ರೈವರಿಗೆ ಬಲಗಡೆ ಲಕ್ವ ಹೊಡೆಯಿತು. ಕಾಲು ಹೇಗೋ ದಾರಿಗೆ ಬಂತು, ಕೈ ಬರಲಿಲ್ಲ. ಸ್ಟೀರಿಂಗ್ ಹೋಯಿತು, ಷರ್ಟಿನ ಗುಂಡಿ ಹಾಕಿಕೊಳ್ಳುವುದೂ ಹೋಯಿತು. ನೋಡಲು ಬಂದವರೆಲ್ಲ ಮುಖ ಸಣ್ಣ ಮಾಡಿಕೊಂಡು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡಿ ಎದ್ದುಹೋದರು. ಹಲ್ಲಣ್ಣ ಬಂದವನು ಮಂಚದ ಮೇಲೇ ದಬಕ್ಕನೆ ಕೂತ.

"ಒಳ್ಳೇ ಕಾಲ ಬಂತು ನಂಗೆ. ಈಗ ನೀನು ಎಡಗೈಲಿ ಎಸೀಬೇಕು. ನಾನೂ ಎಡಗೈಲೇ ಎಸೀತೀನಿ. ಇಬ್ಬರೂ ಸೊನ್ನೆಯಿಂದ ಶುರು."

"ನಿನ್ನ ಕನಿಕರ ನೀನೇ ಇಟ್ಕೋ," ಎಂದು ಡ್ರೈವರ್ ಗೋಡೆಯ ಕಡೆ ಮುಖ ತಿರುಗಿಸಿದ.

"ಕನಿಕರ ಯಾರಿಗೆ ಬೇಕೋ? ಇಷ್ಟು ವರ್ಷ ನಿನ್ನ ಕೈಲಿ ಸೋತು ಸೋತು ಸುಣ್ಣ ಆಗಿದ್ದೀನಿ. ಈ ಸಲ ಗೆಲ್ಲೋದು ನಾನೇ."

ಕನಿಕರವನ್ನು ತಳ್ಳಿಹಾಕಬಹುದು, ಇಂಥ ಸವಾಲನ್ನು ತಳ್ಳುವುದು ಕಷ್ಟ. ಡ್ರೈವರ್ ಎದ್ದು ಹೊರಟ.

ಕರಾರು ಹೀಗಿತ್ತು: ದೋಣಿಗೆ ಹುಟ್ಟು ಹಾಕುವಾಗ ಬಿಟ್ಟರೆ ಹಲ್ಲಣ್ಣನ ಬಲಗೈಗೆ ರಜೆ. ಗಾಳದ ಕೋಲು ಹಿಡಿದ ಕೂಡಲೇ ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೇ ಕೂರುತ್ತಿದ್ದ. ಎಡಗೈಯಲ್ಲಿ ಎಸೆದು, ಕೋಲಿನ ಬುಡವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಅದೇ ಕೈಯಲ್ಲಿ ರೀಲು ಸುತ್ತಬೇಕು. ಹಲ್ಲಣ್ಣ ತನ್ನ ಟೋಪಿಗೇ ಕೊಕ್ಕೆ ಹಾಕಿಕೊಂಡ, ದೋಣಿಯ ಅಂಚಿಗೆ ಹಾಕಿದ. ಒಮ್ಮೆ ಕೊಕ್ಕೆಗೆ ಸಿಕ್ಕಿದ ಡ್ರೈವರನ ಚೀಲವನ್ನೇ ನೀರಿಗೆ ಎಸೆದ. ಲಕ್ವ ಹೊಡೆದ ಮೇಲೆ ಡ್ರೈವರ್ ಮೊದಲ ಸಲ ಬಿದ್ದು ಬಿದ್ದು ನಕ್ಕದ್ದು ಆ ದಿನ.

ಆದರೆ ನಗುವೇ ಮೀನು ಹಿಡಿಯುತ್ತದೆಯೇ? ತಿಂಗಳುಗಳು ಕಳೆದರೂ ಡ್ರೈವರನ ಎಡಗೈ ದಾರಿಗೆ ಬರಲಿಲ್ಲ. ಎಂದೂ ಯಾರಿಗೂ ಹೊರೆಯಾಗದವನು, ಈಗ ದೋಣಿ ಹತ್ತಲೂ ಹೆಗಲು ಬೇಡುವಂತಾಗಿತ್ತು. ತನ್ನಿಂದಾಗಿ ಹಲ್ಲಣ್ಣನ ರಜೆಯೂ ಹಾಳು ಎಂಬ ಕೊರಗು ಒಳಗೊಳಗೇ ತಿನ್ನುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಕೋಲನ್ನು ಒರೆಸಿ, ರೀಲಿಗೆ ಎಣ್ಣೆ ಬಿಟ್ಟು, ಹೆಂಡತಿಗೆ ಹೇಳಿದ: "ಇವತ್ತು ಇದನ್ನ ಅವನಿಗೇ ಕೊಟ್ಟು ಬರ್ತೀನಿ. ಇನ್ನು ಸಾಕು."

"ಕೊಡೋದಾದ್ರೆ ಕೊಡಿ. ಆದ್ರೆ ಬಾಯಿಬಿಟ್ಟು ನೀವೇ ಹೇಳಿ, ನನ್ನ ಕೈಲಿ ಹೇಳಿಸ್ಬೇಡಿ," ಎಂದು ಅವಳು ಒಳಗೆ ಹೋದಳು.

ದೋಣಿಯಲ್ಲಿ ಹೇಳಬೇಕೆಂದು ಅವನು ಮೂರು ಸಲ ಬಾಯಿ ತೆರೆದ. ಪ್ರತಿ ಸಲವೂ ಹಲ್ಲಣ್ಣನ ಕಥೆ ಅಡ್ಡ ಬಂತು. ಹೊಸ ಸೆಟ್ ಹಾಕಿಕೊಂಡ ಅಜ್ಜಿಯೊಬ್ಬಳು ಮಾತಾಡದೆ ಬರೀ ನಗುತ್ತಲೇ ಮನೆಗೆ ಹೋದಳಂತೆ. ಕಥೆ ಹೇಳುತ್ತಲೇ ಹಲ್ಲಣ್ಣ ಸುಳ್ಳುಮೀನನ್ನು ಎಸೆದ. ಎಲ್ಲಿಗೋ ಗುರಿ, ಎಲ್ಲಿಗೋ ಬಿತ್ತು. ಮುಳುಗಿದ ಮರದ ಬುಡಕ್ಕೆ.

ನೀರು ಧಡ್ ಎಂದು ಒಡೆಯಿತು. ಕೋಲು ಬಿಲ್ಲಿನಂತೆ ಬಾಗಿತು, ರೀಲು ಕಿರುಚಿತು, ದೋಣಿಯ ಮೂತಿಯೇ ತಿರುಗಿತು. ಇಬ್ಬರೂ ಇಷ್ಟು ವರ್ಷದಲ್ಲಿ ಅಂಥ ಮೀನು ಕಂಡಿರಲಿಲ್ಲ. ಮೊಣಕಾಲಿನ ಹಿಡಿತಕ್ಕೆ ಬಗ್ಗುವ ಜೀವ ಅದಲ್ಲ. ಹಲ್ಲಣ್ಣ ಎಡಗೈಯಲ್ಲಿ ಕೋಲನ್ನು ಎದೆಗೆ ಒತ್ತಿ ಹಿಡಿದ. ರೀಲು ಸುತ್ತಲು ಇನ್ನೊಂದು ಕೈ ಇರಲಿಲ್ಲ.

"ಬಲಗೈ ತೆಗಿಯೋ!" ಡ್ರೈವರ್ ಬಾಯಿ ಬಡಿದುಕೊಂಡ.

"ಅದು ರಜೆಲಿದೆ!"

"ಹುಚ್ಚು ಹಿಡೀತೇನೋ ನಿಂಗೆ? ಮರದೊಳಗೆ ನುಗ್ತಾ ಇದೆ!"

"ಹಾಗಾದ್ರೆ ನೋಡ್ತಾ ಯಾಕೆ ಕೂತಿದ್ದೀಯ? ಬಂದು ಸುತ್ತು!"

ಡ್ರೈವರ್ ಯೋಚಿಸಲಿಲ್ಲ. ತನ್ನ ಕೋಲನ್ನು ಕಾಲಡಿಗೆ ಬಿಟ್ಟು, ಮುಂದಕ್ಕೆ ಬಾಗಿ, ಎಡಗೈಯಲ್ಲಿ ರೀಲಿನ ಹಿಡಿ ಹಿಡಿದ. ಹಿಡಿದ ಕ್ಷಣವೇ ಆ ಕೈಗೆ ಏನೋ ಗುರುತು ಸಿಕ್ಕಿತು. ಅಷ್ಟು ವರ್ಷ ಬಸ್ಸಿನ ಗೇರು ಹಾಕಿದ್ದು ಇದೇ ಎಡಗೈ. ಏರಿನಲ್ಲಿ ಇಂಜಿನ್ನು ಯಾವಾಗ ಏದುಸಿರು ಬಿಡುತ್ತದೆ, ಯಾವಾಗ ಒತ್ತಬೇಕು, ಯಾವಾಗ ಬಿಟ್ಟುಕೊಡಬೇಕು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಸೆಯಲು ಬಾರದ ಕೈಯನ್ನು ಇಷ್ಟು ದಿನ ದಡ್ಡ ಕೈ ಎಂದು ಬೈದುಕೊಂಡಿದ್ದ. ಈಗ ಅದು ಮೀನಿನ ಉಸಿರನ್ನೇ ಓದುತ್ತಿತ್ತು.

"ಕೋಲು ಎತ್ತು... ಈಗ ಇಳಿಸು... ಹೋಗ್ಲಿ, ಎಳೀಲಿ ಬಿಡು... ಈಗ ಎತ್ತು!"

ಹಲ್ಲಣ್ಣ ಅವನು ಹೇಳಿದಂತೆ ಎತ್ತಿದ, ಇಳಿಸಿದ. ಮರದಿಂದ ಬಿಡಿಸಿಕೊಂಡು, ಎಲೆಗಳನ್ನು ಹರಿದುಕೊಂಡು, ಮೀನು ದೋಣಿಯ ಪಕ್ಕಕ್ಕೆ ಬಂತು. ಬೆಳ್ಳಿಯ ಪಕ್ಕೆ, ಕೆಂಪು ಕಣ್ಣು, ಬಕೆಟ್ಟಿನಷ್ಟು ಬಾಯಿ. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ಮೀನನ್ನು ಮೇಲೆತ್ತುವ ಬಲೆ ಹಿಡಿಯಲು ಯಾರ ಹತ್ತಿರವೂ ಕೈಯಿಲ್ಲ.

"ಸಾಕಿನ್ನು, ಕರಾರು ಮುಗೀತು, ತೆಗಿ ಕೈನ!" ಎಂದ ಡ್ರೈವರ್.

ಹಲ್ಲಣ್ಣ ತೊಡೆಯಡಿಯಿಂದ ಬಲಗೈಯನ್ನು ಎಳೆದ. ಅದು ಜೋತುಬಿದ್ದಿತು. "ಜೋಮು ಹಿಡಿದ್ಬಿಟ್ಟಿದೆ ಕಣೋ," ಎಂದ ಬೆಪ್ಪಾಗಿ, "ಬೆರಳೇ ಆಡ್ತಿಲ್ಲ!"

ಮೀನು ಒಂದು ಸಲ ತಲೆ ಒದರಿತು, ಕೊಕ್ಕೆ ಕಳಚಿತು. ನೀರು ಮುಚ್ಚಿಕೊಂಡಿತು. ಗುಲಾಬಿ ಸುಳ್ಳುಮೀನು ಮೈತುಂಬ ಹಲ್ಲಿನ ಗಾಯ ಹೊತ್ತು ತೇಲುತ್ತಿತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನು ಡ್ರೈವರ್. ದೋಣಿ ಅಲುಗಾಡುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನೀರು ಬರೀ ನಗುವಿನದೇ ಆಗಿರಲಿಲ್ಲ. ಒಬ್ಬ ಮನುಷ್ಯ ತನ್ನ ಜೀವಮಾನದ ಮೀನಿಗಿಂತ ಕೊಟ್ಟ ಮಾತನ್ನು ದೊಡ್ಡದು ಮಾಡಿಕೊಂಡಿದ್ದ. ಅದೂ ಗೆಲ್ಲುತ್ತೇನೆಂದು ಬಡಾಯಿ ಕೊಚ್ಚಿಕೊಂಡೇ. ಡ್ರೈವರ್ ಗೆಳೆಯನ ಜೋಮು ಹಿಡಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೆಂಡತಿ ದಿನಾ ತನಗೆ ಉಜ್ಜುವ ಹಾಗೆ ಮುಂಗೈಯಿಂದ ಬೆರಳ ತುದಿಯವರೆಗೆ ಉಜ್ಜತೊಡಗಿದ.

"ಬೆಳಿಗ್ಗೆಯಿಂದ ಏನೋ ಹೇಳ್ಬೇಕು ಅಂತ ಒದ್ದಾಡ್ತಿದ್ದೆಯಲ್ಲ, ಏನದು?" ಎಂದು ಕೇಳಿದ ಹಲ್ಲಣ್ಣ.

"ಬಲೆಗೆ ಉದ್ದ ಹಿಡಿ ಹಾಕಿಸ್ಬೇಕು. ಕಂಕುಳಲ್ಲಿ ಸಿಕ್ಕಿಸೋ ಹಾಗೆ."

ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೋಲು ಅವನ ಹೆಗಲ ಮೇಲೇ ಇತ್ತು.

"ಅವರಿಗೆ ಕೊಡ್ಲಿಲ್ವಾ?"

"ಅವನು ಇಟ್ಕೊಂಡು ಏನು ಮಾಡ್ತಾನೆ?" ಎಂದ ಡ್ರೈವರ್, ಚಪ್ಪಲಿ ಬಿಡುತ್ತ. "ಅವನಿಗಿರೋದು ಒಂದೇ ಕೈ."