ಖಾತ್ರಿಯಾಗಿ ಹೇಳಿದ್ದು

ವಾರ್ಡುಗಳಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿ ಓಡಾಡಿ ಮಂಡಿ ಸವೆದ ಮೇಲೆ, ಶಿವಮೊಗ್ಗದ ನಮ್ಮ ಆಸ್ಪತ್ರೆಯವರು ನನ್ನನ್ನು ಫೋನ್ ಕೋಣೆಗೆ ಹಾಕಿದರು. ಅಲ್ಲಿ ರೋಗಿಗಳ ಕರೆಯನ್ನು ಮೊದಲು ಎತ್ತುತ್ತಿದ್ದದ್ದು ಒಂದು ಎಐ ಏಜೆಂಟ್. ಕನ್ನಡದಲ್ಲೇ ವಿಚಾರಿಸಿ, ಉತ್ತರ ಸಿದ್ಧಮಾಡಿಕೊಂಡು, ಅದು ಸರಿಯೇ ಎಂದು ತಾನೇ ಇನ್ನೊಮ್ಮೆ ಪರೀಕ್ಷಿಸುತ್ತಿತ್ತು. ಅನುಮಾನ ಬಂದರೆ ಕರೆಯನ್ನು ನನಗೆ ದಾಟಿಸುತ್ತಿತ್ತು.

"ತನಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಅಂತ ತಾನೇ ನೋಡ್ಕೊಳ್ಳುತ್ತೆ ಮೇಡಂ" ಎಂದು ಅದನ್ನು ಅಳವಡಿಸಲು ಬಂದಿದ್ದ ಇಂಜಿನಿಯರ್ ಹೇಳಿದ್ದಳು.

"ಅಂದ್ರೆ ಧೈರ್ಯ ಸಾಲಲ್ಲ ಅನ್ನಿ" ಎಂದು ನಾನು ನಕ್ಕಿದ್ದೆ. ರೋಗಿಯ ಮುಖ ನೋಡಿದರೇ ನನಗೆ ಕಾಯಿಲೆ ತಿಳಿಯುತ್ತದೆ ಎಂಬ ಹೆಮ್ಮೆ ಇತ್ತು. ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಭದ್ರಾವತಿಯ ನ್ಯೂ ಟೌನ್‌ನಿಂದ ಒಬ್ಬ ಹೆಂಗಸು ಕರೆ ಮಾಡಿದರು. ಗಂಡನಿಗೆ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗ ಉರಿ, ಮೈಯೆಲ್ಲ ಬೆವರು. ಏಜೆಂಟ್ ಕರೆ ದಾಟಿಸುವಾಗ ಪರದೆಯ ಮೇಲೆ ಹೀಗೆ ಬರೆದಿತ್ತು: 'ಅಸಿಡಿಟಿ ಇರಬಹುದು. ಆದರೆ ಈ ಊಹೆಯ ಮೇಲೆ ನನಗೆ ಭರವಸೆ ಕಡಿಮೆ. ಬೆವರಿಗೆ ಕಾರಣ ತಿಳಿದಿಲ್ಲ. ಶುಗರ್ ಇದೆಯೇ ಎಂದು ಕೇಳಬೇಕು.'

ನಾನು ಅದನ್ನು ಓದಿದೆ. ಕೇಳಲಿಲ್ಲ. ಈ ಬಿಸಿಲಲ್ಲಿ ಯಾರಿಗೆ ಬೆವರು ಬರುವುದಿಲ್ಲ ಎಂದುಕೊಂಡೆ.

"ಗ್ಯಾಸ್ ಅಷ್ಟೇ ಅಮ್ಮ. ಜೀರಿಗೆ ನೀರು ಕೊಡಿ, ಸ್ವಲ್ಪ ಮಲಗ್ಲಿ. ನಾಳೆ ಬೇಕಾದ್ರೆ ಕರ್ಕೊಂಡ್ ಬನ್ನಿ."

"ಏನೂ ತೊಂದ್ರೆ ಇಲ್ವಾ ಸಿಸ್ಟರ್?"

"ಏನೂ ಇಲ್ಲ. ನಾನು ಹೇಳ್ತಿದ್ದೀನಲ್ಲ."

ಮರುದಿನ ವಿಚಾರಿಸಿಕೊಳ್ಳಲು ಫೋನ್ ಮಾಡಿದಾಗ ಬೇರೆ ಯಾರೋ ಎತ್ತಿದರು. ಹಿಂದಿನ ಸಂಜೆ ಆರಕ್ಕೇ ಆ ಹೆಂಗಸಿನ ಗಂಡ ಎದೆ ಹಿಡಿದುಕೊಂಡು ತೀರಿಹೋದರಂತೆ. ಹತ್ತು ವರ್ಷದಿಂದ ಶುಗರ್ ಇತ್ತಂತೆ. ಶುಗರ್ ಇದ್ದವರಿಗೆ ಹೃದಯಾಘಾತ ಹೀಗೆ ಹೊಟ್ಟೆಯುರಿ, ಬೆವರಿನ ರೂಪದಲ್ಲೂ ಬರಬಹುದು ಎಂಬುದು ನನಗೆ ಗೊತ್ತಿದ್ದದ್ದೇ.

ನಾಲ್ಕನೇ ದಿನ ಬಸ್ಸು ಹಿಡಿದು ಅವರ ಮನೆಗೆ ಹೋದೆ. ಊರಿನ ಉಕ್ಕಿನ ಕಾರ್ಖಾನೆಯವರು ಹಿಂದೆ ಕಟ್ಟಿಸಿದ ಚಿಕ್ಕ ಕ್ವಾರ್ಟರ್ಸ್. ಫೋನಿನಲ್ಲಿ ಮಾತಾಡಿದ್ದವಳು ನಾನೇ ಎಂದು ಹೇಳಿದಾಗ ಆ ಹೆಂಗಸು ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕೊಟ್ಟರು.

"ನೀವು ಅಷ್ಟು ಖಾತ್ರಿಯಾಗಿ ಹೇಳಿದ್ರಲ್ಲ, ಅವ್ರಿಗೆ ನೆಮ್ಮದಿ ಆಯ್ತು. ಪಕ್ಕದ್ಮನೆಯವ್ರು ಆಟೋ ತರ್ತೀನಿ ಅಂದ್ರು. ಬೇಡ, ಸಿಸ್ಟರ್ ಹೇಳಿದ್ದಾರೆ ಅಂತ ನಾನೇ ಕಳಿಸ್ದೆ."

ಅವರು ತಮ್ಮನ್ನೇ ದೂರಿಕೊಳ್ಳುತ್ತಿದ್ದರು. ಅದನ್ನು ಕೇಳಿಕೊಂಡು ಸುಮ್ಮನಿರಲಾಗಲಿಲ್ಲ. "ಅಮ್ಮ, ಮೊದಲು ಮಾತಾಡಿದ್ದು ಮಿಷಿನ್ನು. ಅದಕ್ಕೆ ಅನುಮಾನ ಇತ್ತು. ಶುಗರ್ ಇದ್ಯಾ ಕೇಳು ಅಂತ ಬರೆದಿತ್ತು. ನಾನೇ ಕೇಳ್ಲಿಲ್ಲ" ಎಂದೆ.

ಅವರು ನನ್ನತ್ತ ತಿರುಗಿದರು.

"ಯಾಕೆ ಕೇಳ್ಲಿಲ್ಲ?"

ಅವರು ಎದ್ದು ಒಳಗೆ ಹೋದರು, ಮತ್ತೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಬಾಗಿಲು ಮುಂದೆ ಮಾಡಿಕೊಂಡು ಹೊರಟೆ.

ಆಸ್ಪತ್ರೆಗೆ ಎಲ್ಲವನ್ನೂ ಬರೆದುಕೊಟ್ಟೆ. ವಿಚಾರಣೆಯಲ್ಲಿ ಹಿರಿಯ ಡಾಕ್ಟರು, "ಗ್ಯಾಸ್ ಅಂತ ಹೇಳೋವಾಗ ನಿಮಗೆ ಒಂಚೂರೂ ಅನುಮಾನ ಬರ್ಲಿಲ್ವಾ?" ಎಂದರು. ಬಂದಿತ್ತು ಎಂದರೆ ಸುಳ್ಳಾಗುತ್ತಿತ್ತು. ಇಲ್ಲ ಎಂದೆ.

ಫೋನ್ ಕೋಣೆಯಿಂದ ತೆಗೆದ ಮೇಲೆ ಈಗ ನಾನು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಒಗೆದು ಬಂದ ಹೊದಿಕೆಗಳನ್ನು ಮಡಿಸಿ ಜೋಡಿಸುತ್ತೇನೆ. ಪರಿಚಯದವರು ಸಿಕ್ಕಿ ಯಾವುದಾದರೂ ನೋವಿನ ಬಗ್ಗೆ ಕೇಳಿದರೆ, ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ. ಇವಳಿಗೆ ಜಂಬ ಬಂದಿದೆ ಎಂದು ಕೆಲವರು ಮಾತಾಡಿಕೊಳ್ಳುತ್ತಾರೆ.