ಜೂನ್ ತಿಂಗಳ ಸೀನು

ಕಳೆದ ವಾರ ನಮ್ಮ ಮನೆಯಲ್ಲಿ ಒಂದು ಸೀನು ಬಿದ್ದು, ಒಬ್ಬ ಹುಡುಗಿಯ ಕಾಲೇಜು ಶಿಕ್ಷಣ ಹೊಸ್ತಿಲ ಮೇಲೆಯೇ ನಿಂತುಬಿಟ್ಟಿತ್ತು.

ನಗಬೇಡಿ. ಬ್ಯಾಡಗಿಯವರಿಗೆ ಸೀನು ಸಣ್ಣ ವಿಷಯವಲ್ಲ.

ಹೊರಡುವಾಗ ಒಂಟಿ ಸೀನು ಬಿದ್ದರೆ ಅಪಶಕುನ, ಜೋಡಿ ಸೀನಾದರೆ ಶುಭ. ಈ ಕಾಯಿದೆ ಎಲ್ಲರಿಗೂ ಗೊತ್ತು. ಆದರೆ ನಮ್ಮೂರಲ್ಲಿ ಪಾಲಿಸುವುದು ಹೇಗೆ? ಮೆಣಸಿನಕಾಯಿ ಸೀಸನ್ ಶುರುವಾದರೆ ಮಾರ್ಕೆಟ್ಟಿನ ಘಾಟು ಮನೆಮನೆಗೂ ಬರುತ್ತದೆ. ಊರಿಗೆ ಊರೇ ಸೀನುತ್ತಿರುತ್ತದೆ. ಶಕುನ ನೋಡುತ್ತ ಕೂತರೆ ಮದುವೆ ದಿಬ್ಬಣವೂ ಹೊರಡುವುದಿಲ್ಲ, ಹೆಣವೂ ಹೊರಡುವುದಿಲ್ಲ.

ಆದ್ದರಿಂದ ನಮ್ಮ ಅವ್ವ ಕಾಯಿದೆಗೆ ಒಂದು ತಿದ್ದುಪಡಿ ತಂದಿದ್ದಾಳೆ: ಮೆಣಸಿನಕಾಯಿ ಸೀನಿಗೆ ಶಕುನವಿಲ್ಲ. (ಪಾರ್ಲಿಮೆಂಟಿನಲ್ಲೂ ಇಷ್ಟು ಚೊಕ್ಕ ತಿದ್ದುಪಡಿ ಆದದ್ದನ್ನು ನಾನು ಕಾಣೆ.)

ಈ ತಿದ್ದುಪಡಿಗೆ ಮೊಟ್ಟಮೊದಲು ಬಲಿಯಾದವಳು ನನ್ನ ಮಗಳು ಸುಮಾ. ಮೂರನೇ ಇಯತ್ತೆಯಲ್ಲಿದ್ದಾಗ, ಮಗ್ಗಿ ಒಪ್ಪಿಸಬೇಕಾದ ದಿನ, ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತು, ಜಡೆಯ ತುದಿಯನ್ನು ಮೂಗಿಗೆ ತೂರಿಸಿ ಸೀನಿದಳು.

"ಅಜ್ಜೀ, ಒಂಟಿ ಸೀನು! ಇವತ್ತ ಸಾಲಿಗೆ ಹೋಗಬಾರದು."

"ಮೆಣಸಿನಕಾಯಿ ಸೀನದು. ನಡೀ ಸಾಲಿಗೆ."

"ನಿನಗ ಹೆಂಗ ಗೊತ್ತು?"

"ಈ ದಿವಸದಾಗ ಬ್ಯಾಡಗ್ಯಾಗ ಬ್ಯಾರೆ ಸೀನು ಎಲ್ಲಿಂದ ಬರತೈತಿ?"

ಅಪೀಲು ಇರಲಿಲ್ಲ. ಹಾಗೆ ಸೀನುತ್ತಲೇ ಸಾಲಿ ಕಲಿತಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ರಾಣೇಬೆನ್ನೂರಿನಿಂದ ಬಂದ ಸೂಪರ್‌ವೈಜರ್ ಮೂರು ತಾಸು ಸೀನಿದರು, ನಮ್ಮ ಮಕ್ಕಳು ಮೂರು ತಾಸು ಬರೆದರು. ಸುಮಾ ಫಸ್ಟ್ ಕ್ಲಾಸ್. ಧಾರವಾಡದ ಕಾಲೇಜೊಂದರಲ್ಲಿ ಸೀಟು, ಹಾಸ್ಟೆಲ್ಲು.

ಅವ್ವ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಶೇಂಗಾ ಚಟ್ನಿ ಕುಟ್ಟಿ ಡಬ್ಬಿಗೆ ತುಂಬಿದಳು, ಅಷ್ಟೇ.

ಹೊರಡುವ ಮುಂಜಾನೆ ಬಂತು. ಅಂದೇ ಕಾಲೇಜಿಗೆ ಹಾಜರಾಗದಿದ್ದರೆ ಸೀಟು ಮುಂದಿನವರ ಪಾಲು. ಬಾಗಿಲಲ್ಲಿ ಟಾಂಗಾ ನಿಂತಿತ್ತು. ಸುಮಾ ಅಜ್ಜಿಗೆ ನಮಸ್ಕಾರ ಮಾಡಿ, ಟ್ರಂಕು ಎತ್ತಿ, ಹೊಸ್ತಿಲ ಹೊರಗೆ ಒಂದು ಕಾಲು ಇಟ್ಟಳು. ಹಿಂದಿನಿಂದ ಬಿತ್ತು, ಸಿಡಿಲಿನಂಥ ಒಂಟಿ ಸೀನು.

ಸೀನಿದವಳು ಅವ್ವ!

ಆರೋಪಿಯೂ ಆಕೆ, ನ್ಯಾಯಾಧೀಶೆಯೂ ಆಕೆ. ನಾವು ತೀರ್ಪಿಗೆ ಕಾದೆವು.

"ಮೆಣಸಿನಕಾಯಿದಲ್ಲೇನ ಅಜ್ಜಿ?" ಸುಮಾ ಮೆಲ್ಲಗೆ ಕೇಳಿದಳು.

"ಮಳಿ ಹಿಡದೈತಿ, ಮಾರ್ಕೆಟ್ ಖಾಲಿ ಬಿದ್ದೈತಿ. ಈಗೆಲ್ಲಿ ಮೆಣಸಿನಕಾಯಿ? ಒಳಗ ಬಾ. ನಾಳೆ ಹೋದ್ರಾತು."

"ನಾಳೆ ಸೀಟು ಇರೂದಿಲ್ಲವ್ವಾ," ಎಂದೆ.

"ಹಂಗಾರ ಇನ್ನೊಂದು ಸೀನು ಬರಲಿ. ಜೋಡಿ ಆದ್ರ ಹೋಗ್ರಿ."

ಕೂತೆವು. ಮನೆಮಂದಿಯೆಲ್ಲ ಅವ್ವನ ಮೂಗನ್ನೇ ನೋಡುತ್ತ ಕೂತೆವು. ಮುಂಗಾರಿಗೂ ನಾನು ಇಷ್ಟು ಶ್ರದ್ಧೆಯಿಂದ ಕಾದವನಲ್ಲ. ಪಕ್ಕದ ಮನೆಯಿಂದ ಒಂದು ಚಿಟಿಕೆ ನಶ್ಯ ತರಲೇ ಎಂದು ಕೇಳಿದೆ.

"ಜುಲುಮಿ ಸೀನು ನಡಿಯೂದಿಲ್ಲ."

ಹೊರಗಿನಿಂದ ಟಾಂಗಾದವನು ಕೂಗಿದ. "ಲಗೂ ಬರ್ರೀ! ರೈಲು ನಿಮ್ಮವ್ವಾರನ್ನ ಕೇಳಿ ನಿಂದ್ರೂದಿಲ್ಲ!" (ರೈಲು ತಪ್ಪಿದರೆ ಮೋಟೆಬೆನ್ನೂರಿಗೆ ಹೋಗಿ ಹೈವೇದಲ್ಲಿ ಬಸ್ಸಿಗೆ ಕೈ ಮಾಡಬೇಕು. ನಿಲ್ಲಿಸುವುದು ಬಿಡುವುದು ಡ್ರೈವರನ ಮರ್ಜಿ.)

ಸುಮಾ ಎದ್ದು ಅಜ್ಜಿಯ ಪಕ್ಕಕ್ಕೆ ಹೋಗಿ ಕೂತಳು.

"ಅಜ್ಜೀ, ನೀ ಹೋಗಬ್ಯಾಡ ಅಂದ್ರ ನಾ ಹೋಗೂದಿಲ್ಲ. ಪಾಪ, ಸೀನಿಗೆ ಯಾಕ ಕೆಟ್ಟ ಹೆಸರು ತರತಿ?"

ಆಗ ನೋಡಿದೆ. ಅವ್ವನ ಮೂಗಿನ ತುದಿ ಕೆಂಪಾಗಿತ್ತು. ಕಣ್ಣೂ. ಅದು ಸೀನಲ್ಲ. ಕಣ್ಣಿನ ದಾರಿ ಮುಚ್ಚಿದ್ದಕ್ಕೆ ಮೂಗಿನ ದಾರಿ ಹಿಡಿದ ಅಳು.

ಅವ್ವ ಎದ್ದು ಅಡಿಗೆಮನೆಗೆ ಹೋದಳು. ಸ್ಟೋ ಭುಸುಗುಟ್ಟಿತು. ಕಾದ ಎಣ್ಣೆಗೆ ಒಂದು ಹಿಡಿ ಮೆಣಸಿನಕಾಯಿ ಬಿದ್ದ ಸಪ್ಪಳ. (ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವವರು ಅಂದು ನಮ್ಮ ಮನೆಯಲ್ಲಿ ಇರಬೇಕಿತ್ತು.) ನಾನು ಸೀನಿದೆ, ನನ್ನ ಹೆಂಡತಿ ಸೀನಿದಳು, ಸುಮಾ ಸೀನಿದಳು, ಟಾಂಗಾದವನು ಕೆಮ್ಮಿದ, ಕುದುರೆ ತಲೆ ಕೊಡವಿತು.

ಹೊಗೆಯ ನಡುವಿನಿಂದ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಂದಳು. ಈಗ ರಾಜಾರೋಷವಾಗಿ.

"ಮೆಣಸಿನಕಾಯಿ ಬಂತು. ಶಕುನ ಇಲ್ಲ. ಏಳ ನನ್ನವ್ವಾ, ರೈಲು ತಪ್ಪತೈತಿ."

ಎಲ್ಲರ ಕಣ್ಣಲ್ಲೂ ನೀರಿತ್ತು. ಯಾಕೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನಮ್ಮೂರಲ್ಲಿ ಹಾಗೆ ಕೇಳುವ ಪದ್ಧತಿಯಿಲ್ಲ.

ರೈಲು ಸಿಕ್ಕಿತು, ಸೀಟೂ ಉಳಿಯಿತು. ಸಂಜೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಾಸ್ಟೆಲ್ಲಿನ ಗೇಟಿನ ತನಕ ಬಿಟ್ಟು ಹೊರಟೆ. ಸುಮಾ ಹಿಂದಿನಿಂದ ಕರೆದಳು.

"ಅಪ್ಪಾ, ಇಲ್ಲೆ ಕಣ್ಣಾಗ ನೀರು ಬಂದ್ರ ಯಾತರ ಮ್ಯಾಲ ಹಾಕ್ಲಿ?"