ತೊರಕೆ ಮೀನು ಮತ್ತು ಶನಿವಾರದ ಉಂಡೆ

ಚಿಕ್ಕಪ್ಪನ ಬಲಗೈ ಮೊಣಕೈವರೆಗೆ ಸದಾ ಒದ್ದೆ. ಬೆರಳ ತುದಿಗಳು ದಿನವಿಡೀ ಬಟ್ಟೆ ಒಗೆದವರಂತೆ ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಅದೇ ಕೈಯಲ್ಲಿ ನನಗೆ ಚಪಾತಿ ಬಡಿಸುತ್ತಿದ್ದರು.

ಎಂ.ಎ. ಓದಲು ದೆಹಲಿಗೆ ಬಂದ ನಾನು ಘಾಜಿಯಾಬಾದಿನ ಅವರ ಫ್ಲ್ಯಾಟಿನಲ್ಲಿದ್ದೆ. ಅವರದು ಒಂಟಿ ಜೀವ. ಜೊತೆಗೆ ಎರಡು ಸಿಹಿನೀರಿನ ತೊರಕೆ ಮೀನು. ಊಟದ ತಟ್ಟೆಯಷ್ಟು ಅಗಲ, ಬೆನ್ನ ಮೇಲೆ ಕಣ್ಣು, ಬಾಲದಲ್ಲಿ ವಿಷದ ಮುಳ್ಳು. ಹಾಲ್‌ನ ಅರ್ಧಕ್ಕೆ ಅವುಗಳ ಗಾಜಿನ ತೊಟ್ಟಿ, ಉಳಿದದ್ದರಲ್ಲಿ ನಾನು. ಬಚ್ಚಲ ತುಂಬ ನೀರಿನ ಡ್ರಮ್ಮು. ಕ್ಲೋರಿನ್ ಹಾರಿಹೋಗಲೆಂದು ಇಟ್ಟದ್ದು, ಸ್ನಾನಕ್ಕೆ ಮುಟ್ಟುವಂತಿಲ್ಲ. ಕರೆಂಟ್ ಹೋದರೆ ಇನ್ವರ್ಟರ್ ತೊಟ್ಟಿಯ ಪಂಪಿಗೆ ಮಾತ್ರ.

"ನಮಗೆ ಫ್ಯಾನ್ ಬೇಡ್ವಾ?"

"ನೀನು ಬಾಲ್ಕನಿಗೆ ಹೋಗ್ತೀಯ. ಅವು ಎಲ್ಲಿಗೆ ಹೋಗ್ಬೇಕೋ ಮಾರಾಯ?"

ಆ ಶನಿವಾರ ಮೇ ತಿಂಗಳದ್ದೆಂದು ನೆನಪು. ಆದರೆ ನನ್ನ ನೆನಪಿನಲ್ಲಿ ಸೆಕೆಯೆಲ್ಲ ಮೇ ತಿಂಗಳದ್ದೇ. ನಾವು ಹೊರಗೆ ಹೋಗಿ ಬರುವಷ್ಟರಲ್ಲಿ ತೊಟ್ಟಿಯ ನೀರು ಗಂಜಿಯಂತಾಗಿತ್ತು. ನಮ್ಮ ಕೀಲಿಕೈ ಇಟ್ಟುಕೊಂಡಿದ್ದ ಮೇಲಿನ ಮನೆಯ ಆಂಟಿ, ಮಗನ ಶನಿಕಾಟ ಕಳೆಯಲೆಂದು ಮೀನಿಗೆ ಗೋಧಿಹಿಟ್ಟಿನ ಉಂಡೆ ಹಾಕಿದ್ದರು. ಊರ ಪಕ್ಕದ ಹಿಂಡನ್ ನದಿ ಚರಂಡಿಯಾಗಿ ಮೀನೇ ಇಲ್ಲವಂತೆ, ಪುಣ್ಯಕ್ಕೆ ನಮ್ಮಲ್ಲೇ ಮೀನಿದ್ದವಂತೆ!

ತೊರಕೆಗಳ ಅಂಚು ಹಪ್ಪಳದಂತೆ ಮೇಲಕ್ಕೆ ಮಡಚಿಕೊಂಡಿತ್ತು. "ಹೀಗಾದ್ರೆ ಉಳಿಯೋದು ಕಷ್ಟ," ಎಂದರು ಚಿಕ್ಕಪ್ಪ. ಮಧ್ಯಾಹ್ನವಿಡೀ ಕೆಟ್ಟ ನೀರು ತೋಡಿ ಡ್ರಮ್ಮಿನದು ಸುರಿದೆವು. ಚಿಕ್ಕದು ಸತ್ತಿತು. ಸಂಜೆಗೆ ದೊಡ್ಡದರ ಅಂಚು ನಿಧಾನ ಸಮನಾಯಿತು.

ಈಗಲಾದರೂ ಆಂಟಿಗೆ ಬೈಯುತ್ತಾರೆಂದು ಕಾದೆ. ಇವರು ತಮ್ಮ ಹರುಕು ಹಿಂದಿಯಲ್ಲಿ, ಇನ್ನು ಮೇಲೆ ಉಂಡೆ ನಮಗೆ ಕೊಡಿ ಬೆಹೆನ್‌ಜೀ, ಒಳ್ಳೆಯ ಕೆರೆಗೆ ಹಾಕಿಸುತ್ತೇನೆ ಎಂದರು. ಹಾಕಬೇಕಾದವನು ನಾನು!

"ನಿಮ್ಮ ಮೀನು ಕೊಂದವರ ಪುಣ್ಯಕ್ಕೆ ನಾನ್ಯಾಕೆ ಓಡಾಡ್ಲಿ?"

"ಅವರ ಮಗ ಹಾಸಿಗೆ ಹಿಡಿದಿದ್ದಾನೆ ಕಣೋ. ಎಲ್ಲಾದ್ರೂ ಹಾಕ್ಲೇಬೇಕಲ್ಲ ಆ ತಾಯಿ? ಚಲೋ, ಸ್ಕೂಟರ್ ತೆಗಿ."

ಹಾಗೆ ಪ್ರತಿ ಶನಿವಾರ ಗೊಣಗುತ್ತ ಕೆರೆಗೆ ಹೋದೆ. ನಿಜಕ್ಕೂ ಅಷ್ಟು ಸಿಟ್ಟಿತ್ತೇ, ಈಗ ಬರೆಯುವಾಗ ಸೇರಿಸುತ್ತಿದ್ದೇನೆಯೇ, ಗೊತ್ತಿಲ್ಲ.

ಚಿಕ್ಕಪ್ಪ ಹೃದಯಾಘಾತದಿಂದ ಹೋದ ಮೇಲಿನ ಮೊದಲ ಶನಿವಾರ ತೊಟ್ಟಿಯ ನೀರು ಬದಲಿಸುತ್ತಿದ್ದೆ. ಆಂಟಿ ಬಾಗಿಲಲ್ಲೇ ನಿಂತರು, ಉಂಡೆಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

"ಅಬ್ ಭೀ ಲೇ ಜಾಓಗೇ, ಬೇಟಾ?" ಈಗಲೂ ಒಯ್ಯುತ್ತೀಯಾ ಎಂದು.

ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲೇ ಮೊಣಕೈವರೆಗೆ ಒದ್ದೆಯಾದ ನನ್ನ ಬಲಗೈ ಡಬ್ಬಿಗೆ ಚಾಚಿತ್ತು.